ಅಹಮದಾಬಾದ್ ಹಳೆ ಊರಿನ ಪೋಳ್‌ಗಳಲ್ಲಿ ಗೈಡ್ ಇಲ್ಲದೆ ನಡೆಯಬಹುದಾ? ಅಮ್ಮನೂ ಜೊತೆಗಿರುತ್ತಾರೆ

ಸಂಪಿಗೆಮರ:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಕೆಲಸದ ಮೇಲೆ ಅಹಮದಾಬಾದ್‌ಗೆ ಹೋಗುತ್ತಿದ್ದೇನೆ. ಕೆಲಸ ಮುಗಿದ ಮೇಲೆ ಎರಡು ದಿನ ಬಿಡುವಿದೆ. ಅಮ್ಮನೂ ಬರುತ್ತಾರೆ. ಅವರಿಗೆ ಅರವತ್ತಾರು ವರ್ಷ, ಮಂಡಿ ಸ್ವಲ್ಪ ನೋಯುತ್ತದೆ. ನಿಧಾನವಾಗಿ ಆದರೂ ನಡೆಯುತ್ತಾರೆ. ನೋಡುವ ಆಸೆ ನನಗಿಂತ ಅವರಿಗೇ ಜಾಸ್ತಿ.

ಸಾಬರಮತಿಯ ಪೂರ್ವ ದಡದ ಹಳೆ ಊರನ್ನು ನಡೆದೇ ನೋಡಬೇಕು ಅಂತ ಇಬ್ಬರಿಗೂ ಇದೆ. ಪೋಳ್ ಅಂತ ಕರೆಯುವ ಆ ಕೇರಿಗಳು, ಆ ಮರದ ಮನೆಗಳು. ಗುಂಪಿನ ಜೊತೆ ಹೋದರೆ ಅವರ ವೇಗಕ್ಕೆ ಅಮ್ಮ ನಡೆಯಲಾರರು. ಹಾಗಾಗಿ ನಾವಿಬ್ಬರೇ, ನಮ್ಮ ಪಾಡಿಗೆ ನಾವು. ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಮುಗಿಸಬೇಕು, ನಡುವೆ ಕೂತು ಸುಧಾರಿಸಿಕೊಳ್ಳಲು ಜಾಗ ಸಿಗುತ್ತದಾ? ಬರೀ ಜಾಗಗಳ ಪಟ್ಟಿ ಬೇಡ. ನಡೆಯುವಾಗ ಏನನ್ನು ಗಮನಿಸಬೇಕು ಅಂತ ಹೋಗಿ ಬಂದವರು ಹೇಳಿದರೆ ತುಂಬಾ ಉಪಕಾರ.

ಅಲೆಮಾರಿ:
ಶುರು ಕಾಲೂಪುರದ ಸ್ವಾಮಿನಾರಾಯಣ ದೇವಸ್ಥಾನ, ಕೊನೆ ಜಾಮಾ ಮಸೀದಿ. ಅಲ್ಲಿನ ಮಹಾನಗರ ಪಾಲಿಕೆ 1997ರ ನವೆಂಬರ್‌ನಿಂದ ನಡೆಸುತ್ತಿರುವ ಹೆರಿಟೇಜ್ ವಾಕ್ ಇದೇ ದಾರಿಯಲ್ಲಿ ಹೋಗುತ್ತದೆ. ನೇರವಾಗಿ ಅಳೆದರೆ ಎರಡರ ನಡುವೆ ಒಂದು ಕಿಲೋಮೀಟರೂ ಇಲ್ಲ. ಆದರೆ ದಾರಿ ನೇರವಾಗಿಲ್ಲ. ಒಂದು ಕೇರಿಯಿಂದ ಇನ್ನೊಂದಕ್ಕೆ ತಿರುಗಿ ತಿರುಗಿ ಹೋಗುತ್ತದೆ. ನಾನು ಒಬ್ಬನೇ ನಡೆದಾಗ ನಾಲ್ಕು ಗಂಟೆ ಹಿಡಿಯಿತು.

ಕ್ರಮ ಹೀಗಿದೆ. ದೇವಸ್ಥಾನದಿಂದ ಲಾಂಬೇಶ್ವರ ನೀ ಪೋಳ್. ಅಲ್ಲಿ ಕವಿ ದಲಪತರಾಮ್ ಅವರ ಮನೆ ಇದ್ದ ಜಾಗ. ಆಮೇಲೆ ಹಾಜಾ ಪಟೇಲ್ ನೀ ಪೋಳ್, ಅದರೊಳಗೆ ಕಾಳಾ ರಾಮ್‌ಜಿ ಗುಡಿ. ಅಲ್ಲಿಂದ ದೋಶಿವಾಡಾ ನೀ ಪೋಳ್, 1856ರ ಅಷ್ಟಾಪದ ಜೈನ ದೇವಾಲಯ. ಮುಂದೆ ಹರಕುಂವರ್ ಶೇಠಾಣಿಯ ಹವೇಲಿ, ಪುಸ್ತಕದ ಅಂಗಡಿಗಳಿರುವ ಫರ್ನಾಂಡಿಸ್ ಸೇತುವೆ, ಮುಹೂರ್ತ್ ಪೋಳ್, ಮಾಣೆಕ್ ಚೌಕ್, ರಾಣಿ ನೋ ಹಜೀರೋ, ಬಾದಶಾ ನೋ ಹಜೀರೋ, ಕೊನೆಗೆ ಮಸೀದಿ. ಇಷ್ಟು ಹೆಸರು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ದಾರಿ ತಪ್ಪಿದರೆ ಮುಂದಿನ ಹೆಸರು ಕೇಳಿ. ಯಾರು ಬೇಕಾದರೂ ಕೈ ತೋರಿಸುತ್ತಾರೆ.

ಇನ್ನೊಂದು ಮಾತು. 'ನೀ', 'ನೋ' ಅಂದರೆ ನಮ್ಮ '-ನ', '-ಯ' ಇದ್ದ ಹಾಗೆ. ಹಾಜಾ ಪಟೇಲನ ಪೋಳ್, ರಾಣಿಯ ಗೋರಿ. ಇದೊಂದು ಗೊತ್ತಿದ್ದರೆ ಬೋರ್ಡುಗಳು ಅರ್ಥವಾಗತೊಡಗುತ್ತವೆ.

ಕಡಲಕಾಗೆ:
ನನ್ನ ಅಭಿಪ್ರಾಯ ಬೇರೆ. ಮೊದಲ ಸಲ ಹೋಗುವವರು ಗೈಡ್ ಇಲ್ಲದೆ ಹೋಗಬೇಡಿ. ನಾನು ಹೋಗಿ ಪಶ್ಚಾತ್ತಾಪ ಪಟ್ಟವನು. ಮಧ್ಯಾಹ್ನ ಒಂದು ಗಂಟೆಗೆ ಶುರು ಮಾಡಿದೆ. ಗುಡಿಗಳು ಮುಚ್ಚಿದ್ದವು. ಫೋನ್ ಮ್ಯಾಪ್ ತೋರಿಸಿದ ದಾರಿ ಒಬ್ಬರ ಮನೆ ಬಾಗಿಲಿಗೆ ಹೋಗಿ ನಿಂತಿತು. ಎರಡು ಗಂಟೆ ತಿರುಗಿ ಮತ್ತೆ ಅದೇ ಹಾಲಿನ ಅಂಗಡಿ ಎದುರು ಬಂದೆ. ಮನೆಗೆ ಬಂದು ಓದಿದಾಗ ಗೊತ್ತಾಯಿತು, ಎಷ್ಟೋ ಒಳ್ಳೊಳ್ಳೆಯ ಸಂಗತಿಗಳ ಪಕ್ಕದಲ್ಲೇ ನಾನು ಸುಮ್ನೆ ಹಾದುಹೋಗಿದ್ದೆ ಅಂತ. ಗೈಡ್ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ.

ಅಲೆಮಾರಿ:
ಅದು ಹೊತ್ತಿನ ತಪ್ಪು ಅಲ್ವಾ? ಬೆಳಿಗ್ಗೆ ಏಳೂವರೆಗೆ ಹೊರಟಿದ್ದರೆ ಬೇರೆಯೇ ಊರು ನೋಡುತ್ತಿದ್ದಿರಿ. ಗುಡಿಗಳು ತೆರೆದಿರುತ್ತವೆ, ಗಾಡಿಗಳ ಸದ್ದು ಇರುವುದಿಲ್ಲ, ಜನ ಜಗಲಿ ಮೇಲೆ ಪೇಪರ್ ಓದುತ್ತಾ ಕೂತಿರುತ್ತಾರೆ.

ತೊಲೆಕಂಬ:
ನಾನು ಹಳೆ ಮರದ ಮನೆಗಳ ದುರಸ್ತಿ ಕೆಲಸ ಮಾಡುವವನು. ಏನು ಗಮನಿಸಬೇಕು ಅಂತ ಕೇಳಿದ್ದೀರಿ, ಅದಕ್ಕೆ ಸ್ವಲ್ಪ ಉದ್ದವಾಗಿ ಉತ್ತರ ಕೊಡುತ್ತೇನೆ.

ಮೊದಲು ಪೋಳ್ ಅಂದರೆ ಏನು ಅಂತ. 'ಪ್ರತೋಲಿ' ಅನ್ನುವ ಸಂಸ್ಕೃತ ಪದದಿಂದ ಬಂದದ್ದು. ಹಾಗಂದರೆ ಬಾಗಿಲು, ಹೆಬ್ಬಾಗಿಲು. ಮುಂದೆ ಆ ಬಾಗಿಲ ಹಿಂದಿನ ಇಡೀ ಕೇರಿಗೇ ಆ ಹೆಸರು ಬಂತು. ಒಂದೇ ಕಸುಬಿನವರು, ಒಂದೇ ಜಾತಿಯವರು, ಒಬ್ಬ ದೊಡ್ಡ ಮನುಷ್ಯನ ಸುತ್ತಲಿನವರು ಹೀಗೆ ಒಂದೊಂದು ಪೋಳ್ ಮಾಡಿಕೊಂಡು ಇದ್ದರು. ಮೊಗಲರ ಆಳ್ವಿಕೆ ಸಡಿಲವಾಗಿ ಮರಾಠರು ಬಂದ ಕಾಲದಲ್ಲಿ ಊರಿನಲ್ಲಿ ಗಲಭೆ, ಲೂಟಿ ಜಾಸ್ತಿಯಾಗಿದ್ದವು. 1818ರಲ್ಲಿ ಬ್ರಿಟಿಷರ ಕೈಗೆ ಹೋಗುವವರೆಗೂ ನೆಮ್ಮದಿ ಕಡಿಮೆ. ಆಗ ಜನ ತಮ್ಮನ್ನು ತಾವೇ ಕಾಯ್ದುಕೊಳ್ಳಲು ಕಟ್ಟಿಕೊಂಡ ವ್ಯವಸ್ಥೆ ಇದು. ರಾತ್ರಿ ಹೆಬ್ಬಾಗಿಲು ಹಾಕಿದರೆ ಇಡೀ ಕೇರಿ ಒಂದು ಮನೆಯ ಹಾಗೆ. ಆದ್ದರಿಂದ ಪ್ರತಿ ಪೋಳ್‌ಗೆ ಕಾಲಿಡುವಾಗ ತಲೆ ಎತ್ತಿ ನೋಡಿ. ಬಾಗಿಲ ಮೇಲೆ ಒಂದು ಕೋಣೆ ಕಾಣುತ್ತದೆ. ಕಾವಲಿನವನು ಇರುತ್ತಿದ್ದ ಜಾಗ ಅದು.

ಒಳಗೆ ಹೋದ ಮೇಲೆ ಗಲ್ಲಿ ಕವಲೊಡೆಯುತ್ತದೆ. ಕೆಲವು ಕವಲು ಮುಂದೆ ಹೋಗದೆ ನಿಂತುಬಿಡುತ್ತವೆ. ಅಪರಿಚಿತರು ದಾರಿ ತಪ್ಪಲಿ ಅಂತಲೇ ಹಾಗೆ ಬೆಳೆದದ್ದು. ಕಡಲಕಾಗೆ ಅವರೇ, ನೀವು ಸುತ್ತಿ ಸುತ್ತಿ ಹಾಲಿನ ಅಂಗಡಿಗೆ ಬಂದದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಕೆಲವು ಕಡೆ ಒಂದು ಪೋಳ್‌ನಿಂದ ಇನ್ನೊಂದಕ್ಕೆ ಹೋಗಲು ಗುಪ್ತ ದಾರಿಯೂ ಇದೆ. ನೋಡಿದರೆ ಯಾರದೋ ಮನೆಯ ಬಾಗಿಲು ಅನಿಸುತ್ತದೆ. ನೂಕಿದರೆ ಆಚೆ ಬೀದಿ.

ಇನ್ನು ಮನೆಗಳು. ಬೀದಿಗೆ ತಾಗಿ ಒಂದು ಎತ್ತರದ ಜಗಲಿ. ಅದಕ್ಕೆ ಓಟ್ಲೊ ಅನ್ನುತ್ತಾರೆ. ಒಳಗೆ ಹೋದರೆ ನಮ್ಮ ತೊಟ್ಟಿಮನೆಯ ಹಾಗೇ ನಡುವೆ ತೆರೆದ ಅಂಗಳ, ಅದು ಚೌಕ್. ಗಾಳಿ, ಬೆಳಕು ಎರಡೂ ಅಲ್ಲಿಂದಲೇ. ಮನೆಗಳು ಅಕ್ಕಪಕ್ಕ ಗೋಡೆಗೆ ಗೋಡೆ ಅಂಟಿಕೊಂಡಿರುವುದರಿಂದ ಪಕ್ಕದಲ್ಲಿ ಕಿಟಕಿ ಇಡಲು ಆಗುವುದಿಲ್ಲ. ಅಂಗಳದ ಕೆಳಗೆ ಟಾಂಕಾ ಅನ್ನುವ ನೀರಿನ ತೊಟ್ಟಿ. ಮಳೆ ನೀರು ಚಾವಣಿಯಿಂದ ಕೊಳವೆಯಲ್ಲಿ ಇಳಿದು ಅಲ್ಲಿ ಸೇರುತ್ತದೆ. ಒಳಗೋಡೆಗೆ ಗಾರೆ, ಬಿಸಿಲು ಒಂಚೂರೂ ಬೀಳುವುದಿಲ್ಲ. ಹಾಗಾಗಿ ನೀರು ಬೇಗ ಕೆಡುವುದಿಲ್ಲ. ಇಷ್ಟು ಒಣ ಊರಿನಲ್ಲಿ ಬೇಸಿಗೆ ದಾಟಿಸುತ್ತಿದ್ದದ್ದು ಈ ತೊಟ್ಟಿಗಳೇ.

ಗೋಡೆಗಳನ್ನು ಹತ್ತಿರದಿಂದ ನೋಡಿ. ಗಾರೆ ಉದುರಿದ ಕಡೆ ಇಟ್ಟಿಗೆಯ ನಡುವೆ ಅಡ್ಡಡ್ಡ ಮರದ ಪಟ್ಟಿಗಳು ಕಾಣುತ್ತವೆ. ನನ್ನ ಮಟ್ಟಿಗೆ ಆ ಊರಿನ ಅತಿ ದೊಡ್ಡ ಸಂಗತಿ ಅದೇ. ಮರ ಬಾಗುತ್ತದೆ, ಇಟ್ಟಿಗೆ ಭಾರ ಹೊರುತ್ತದೆ. ಭೂಮಿ ನಡುಗಿದಾಗ ಗೋಡೆ ಒಡೆದು ಬೀಳದೆ ಅಲ್ಲಾಡಿ ನಿಲ್ಲುತ್ತದೆ. 2001ರ ಜನವರಿ 26ರ ಭೂಕಂಪದಲ್ಲಿ ಅಹಮದಾಬಾದ್‌ನಲ್ಲಿ ಕುಸಿದದ್ದು ಹೆಚ್ಚಾಗಿ ಹೊಸ ಕಾಂಕ್ರೀಟ್ ಮಹಡಿಗಳು. ಪೋಳ್‌ಗಳ ಮರದ ಮನೆಗಳು ಬಹುಪಾಲು ನಿಂತವು. ಕೆತ್ತನೆ ಚೆನ್ನಾಗಿದೆ ಅಂತ ಎಲ್ಲರೂ ಫೋಟೊ ತೆಗೆಯುತ್ತಾರೆ. ಕೆತ್ತನೆಯ ಹಿಂದಿನ ಈ ಬುದ್ಧಿಯನ್ನು ನೋಡುವವರು ಕಡಿಮೆ.

ಹೊಂಗೆನೆರಳು:
ತೊಲೆಕಂಬ ಅವರೇ, ಇದನ್ನು ಓದಿಯೇ ಒಂದು ಸುತ್ತು ಹೋಗಿ ಬಂದ ಹಾಗಾಯಿತು. ನಾನೂ ಅಲ್ಲಿಗೆ ಹೋಗಿದ್ದೆ, ಮರದ ಪಟ್ಟಿ ನೋಡಲೇ ಇಲ್ಲ.

ಸಂಪಿಗೆಮರ:
ಅಯ್ಯೋ, ಇಷ್ಟು ಚೆನ್ನಾಗಿ ಬರೆದಿದ್ದೀರಿ, ಅಮ್ಮನಿಗೆ ಓದಿ ಹೇಳಿದೆ. ಟಾಂಕಾ ಅಂದ ಕೂಡಲೇ ಅವರ ಮುಖ ಅರಳಿತು. ಒಂದನ್ನಾದರೂ ನೋಡಲು ಸಿಗುತ್ತದಾ? ಜನರ ಮನೆಯೊಳಗಿನ ವಿಷಯ ಅಲ್ವಾ, ಹೇಗೆ ಕೇಳುವುದು?

ಮುತ್ತುಗ:
ನಾನು ಮದುವೆಯಾದ ಹೊಸದರಲ್ಲಿ ಮೂರು ವರ್ಷ ಖಾಡಿಯಾ ಕಡೆಯ ಒಂದು ಪೋಳ್‌ನಲ್ಲಿ ಬಾಡಿಗೆಗೆ ಇದ್ದೆ. ಅಲ್ಲಿ ಇದ್ದವಳಾಗಿ ನಾಲ್ಕು ಮಾತು ಹೇಳುತ್ತೇನೆ.

ಓಟ್ಲೊ ಬೀದಿಯ ಭಾಗದ ಹಾಗೆ ಕಾಣುತ್ತದೆ, ಆದರೆ ಅದು ಮನೆ. ನನ್ನ ಅಡುಗೆಗೆ ಸೊಪ್ಪು ಬಿಡಿಸುತ್ತಿದ್ದದ್ದು ಅಲ್ಲೇ, ಮಗುವಿಗೆ ಊಟ ಮಾಡಿಸುತ್ತಿದ್ದದ್ದು ಅಲ್ಲೇ. ಒಂದು ದಿನ ತಲೆ ಬಾಚಿಕೊಳ್ಳುತ್ತಿದ್ದೆ. ಏಳೆಂಟು ಜನ ಬಂದು ಮಾತಿಲ್ಲದೆ ಫೋಟೊ ತೆಗೆದು ಹೋದರು. ಇಷ್ಟು ವರ್ಷ ಆದ ಮೇಲೂ ಅದು ನೆನಪಾದರೆ ಮನಸ್ಸಿಗೆ ಬೇಜಾರಾಗುತ್ತದೆ. ಕೆಟ್ಟ ಜನ ಅಂತ ಅಲ್ಲ. ಅವರ ಕಣ್ಣಿಗೆ ಬಾಗಿಲ ಕೆತ್ತನೆ ಬಿತ್ತು, ಅದರ ಮುಂದೆ ಕೂತ ನಾನು ಬೀಳಲಿಲ್ಲ.

ಕೂರಬೇಕಾದರೆ ಕೇಳಿ. "ಕೇಮ್ ಛೋ" ಅನ್ನಿ, ಜಗಲಿ ಕಡೆ ಕೈ ತೋರಿಸಿ, ಸಾಕು. ವಯಸ್ಸಾದ ಅಮ್ಮ ಜೊತೆಗಿದ್ದರೆ ಬೇಡ ಅನ್ನುವವರು ಯಾರೂ ಇಲ್ಲ. ಒಳಗೆ ನೋಡುವ ಆಸೆ ಇದ್ದರೆ "ಅಂದರ್ ಜವಾಯ್?" ಅಂತ ಕೇಳಿ. ಒಳಗೆ ಹೋಗಬಹುದಾ ಅಂತ ಅರ್ಥ. ತಲೆ ಅಲ್ಲಾಡಿಸಿದರೆ ನಗುತ್ತಾ ಮುಂದೆ ಹೋಗಿ. ಟಾಂಕಾ ಇರುವ ಮನೆಗಳು ಇನ್ನೂ ಇವೆ. ಅಂಗಳದ ನೆಲದಲ್ಲಿ ಸಣ್ಣ ಮುಚ್ಚಳ ಇರುತ್ತದೆ, ಅಷ್ಟೇ ಕಾಣುವುದು.

ಗೈಡ್ ಬೇಕಾ ಬೇಡವಾ ಅಂತ ಜಗಳ ನಡೆದಿದೆಯಲ್ಲ, ನನಗೆ ಅನಿಸುವುದು ಇಷ್ಟು. ಗೈಡ್ ಜೊತೆ ಹೋದರೆ ಊರಿನ ಕತೆ ಕೇಳುತ್ತೀರಿ. ಒಬ್ಬರೇ ಹೋದರೆ ಊರಿನವರ ಜೊತೆ ಮಾತಾಡುತ್ತೀರಿ. ನಿಮ್ಮ ಅಮ್ಮನಿಗೆ ಎರಡನೆಯದೇ ಹೆಚ್ಚು ಖುಷಿ ಕೊಡುತ್ತದೆ ಅಂತ ನನ್ನ ಮನಸ್ಸು ಹೇಳುತ್ತದೆ.

ಕಡಲಕಾಗೆ:
ಮುತ್ತುಗ ಅವರ ಮಾತು ಒಪ್ಪಿದೆ. ಆದರೂ ಒಂದು ತಿದ್ದುಪಡಿ. ಯಾರಿಗೆ ಕಾಲು ಗಟ್ಟಿ ಇದೆಯೋ ಅವರು ಮೊದಲ ದಿನ ಪಾಲಿಕೆಯ ನಡಿಗೆಗೆ ಸೇರಿ, ಮಾರನೆಯ ದಿನ ಅದೇ ದಾರಿಯನ್ನು ಹಿಂದಿನಿಂದ ಮುಂದಕ್ಕೆ ಒಬ್ಬರೇ ನಡೆಯಿರಿ. ಹಿಂದುಮುಂದಾಗಿ ನಡೆದರೆ ಬಿಟ್ಟುಹೋದದ್ದೆಲ್ಲ ಕಾಣುತ್ತದೆ. ನಾನು ಎರಡನೇ ಸಲ ಹೋದಾಗ ಹಾಗೇ ಮಾಡಿದೆ.

ಅಲೆಮಾರಿ:
ಇದು ಒಳ್ಳೆಯ ಉಪಾಯ. ಮಸೀದಿ ಕಡೆಯಿಂದ ಶುರು ಮಾಡುವುದಾದರೆ ಊರು ಹುಟ್ಟಿದ ಕ್ರಮವೂ ಸಿಗುತ್ತದೆ. ಸುಲ್ತಾನ ಅಹಮದ್ ಶಾ 1411ರಲ್ಲಿ ಊರು ಕಟ್ಟಿಸಲು ಶುರು ಮಾಡಿದ್ದು ನದಿ ಪಕ್ಕದ ಭದ್ರ ಕೋಟೆಯಿಂದ. ಕೋಟೆಯ ಮುಂದೆ ಮೂರು ಕಮಾನಿನ ತೀನ್ ದರ್ವಾಜಾ. ಅಲ್ಲಿಂದ ಪೂರ್ವಕ್ಕೆ ಐದು ನಿಮಿಷ ನಡೆದರೆ 1424ರ ಜಾಮಾ ಮಸೀದಿ. ಅದರ ಹಿಂದೆ ಅವನದೇ ಗೋರಿ, ಅದರಾಚೆ ರಾಣಿಯರ ಗೋರಿ. ಅರಮನೆ, ಬಾಗಿಲು, ಮಸೀದಿ, ಗೋರಿ ಎಲ್ಲ ಒಂದೇ ಸಾಲಿನಲ್ಲಿ. ಊರಿನ ಸುತ್ತಣ ದೊಡ್ಡ ಗೋಡೆ ಮಹಮೂದ್ ಬೇಗಡಾನ ಕಾಲದ್ದು, 1487. ಹನ್ನೆರಡು ಬಾಗಿಲುಗಳಿದ್ದವು. ಗೋಡೆ ಬಹುತೇಕ ಹೋಗಿದೆ. ಕೆಲವು ಬಾಗಿಲು ಮಾತ್ರ ರಸ್ತೆ ನಡುವೆ ಉಳಿದಿವೆ, ಸುತ್ತ ಬಸ್ಸು, ಆಟೊ ಹರಿಯುತ್ತವೆ.

ತೀನ್ ದರ್ವಾಜಾದಲ್ಲಿ ಒಂದು ಗೂಡಿದೆ, ಅದರಲ್ಲಿ ದೀಪ. ಲಕ್ಷ್ಮಿ ಊರು ಬಿಟ್ಟು ಹೊರಟಾಗ ಕೋತ್ವಾಲ ಅವಳನ್ನು ಬಾಗಿಲಲ್ಲಿ ತಡೆದು, ಸುಲ್ತಾನನ ಅಪ್ಪಣೆ ತರುವವರೆಗೂ ಇಲ್ಲೇ ಇರು ಅಂತ ಮಾತು ತೆಗೆದುಕೊಂಡನಂತೆ. ತಾನು ವಾಪಸ್ ಬಂದರೆ ಅವಳು ಹೋಗುತ್ತಾಳೆ ಅಂತ ಬರಲೇ ಇಲ್ಲ, ಪ್ರಾಣ ಕೊಟ್ಟನಂತೆ. ಹಾಗಾಗಿ ಲಕ್ಷ್ಮಿ ಊರಲ್ಲೇ ಉಳಿದಳು. ಆ ದೀಪವನ್ನು ಒಂದು ಮುಸ್ಲಿಂ ಕುಟುಂಬ ತಲೆಮಾರುಗಳಿಂದ ಹಚ್ಚಿಕೊಂಡು ಬಂದಿದೆ. ಬಜಾರಿನ ಗದ್ದಲದಲ್ಲಿ ಗೂಡು ಹುಡುಕುವುದು ಕಷ್ಟ, ಅಂಗಡಿಯವರನ್ನು ಕೇಳಿ.

ಮಿಂಚುಹುಳ:
ಮಾಣೆಕ್ ಚೌಕ್ ಬಗ್ಗೆ ಯಾರೂ ಏನೂ ಹೇಳಲಿಲ್ಲ! ಅದೊಂದು ಜಾಗಕ್ಕೆ ಮೂರು ಸಲ ಹೋಗಬೇಕು. ಬೆಳಿಗ್ಗೆ ತರಕಾರಿ, ಹಸುಗಳಿಗೆ ಹುಲ್ಲು. ಹಗಲಲ್ಲಿ ಚಿನ್ನ ಬೆಳ್ಳಿ ವ್ಯಾಪಾರ. ರಾತ್ರಿ ಒಂಬತ್ತೂವರೆ ಮೇಲೆ ಅಂಗಡಿಗಳ ಬಾಗಿಲು ಹಾಕಿ, ಅದೇ ಜಾಗದಲ್ಲಿ ಬೆಂಚು ಹಾಕಿ, ತಿಂಡಿ ಬೀದಿ. ಒಂದೇ ನೆಲ.

ಹೆಸರು ಬಂದದ್ದು ಮಾಣೆಕ್‌ನಾಥ ಬಾಬಾನಿಂದ. ಹಗಲು ಊರಿನ ಗೋಡೆ ಕಟ್ಟುತ್ತಿದ್ದರೆ ಅವನು ಚಾಪೆ ಹೆಣೆಯುತ್ತಿದ್ದನಂತೆ. ರಾತ್ರಿ ಚಾಪೆ ಬಿಚ್ಚುತ್ತಿದ್ದ, ಗೋಡೆ ಬೀಳುತ್ತಿತ್ತು. ಅವನ ಸಮಾಧಿ ಚೌಕ್‌ನಲ್ಲೇ ಇದೆ. ಊರಿನ ಮೊದಲ ಪೋಳ್ ಅನ್ನುವ ಮುಹೂರ್ತ್ ಪೋಳ್ ಕೂಡ ಪಕ್ಕದಲ್ಲೇ. ಹೆಸರಿನಲ್ಲೇ ಮುಹೂರ್ತ ಇದೆ ನೋಡಿ.

ಹೊಂಗೆನೆರಳು:
ಮಂಡಿ ನೋವಿನವರಿಗಾಗಿ ಬರೆಯುತ್ತಿದ್ದೇನೆ. ನನ್ನ ಅಪ್ಪನನ್ನು ಕರೆದುಕೊಂಡು ಹೋಗಿ ಕಲಿತದ್ದು ಇದು.

ದೂರ ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ಸಮ ಇಲ್ಲದ ನೆಲ, ಹಿಂದಿನಿಂದ ನುಗ್ಗುವ ಸ್ಕೂಟರ್, ಗುಡಿಗಳ ಮೆಟ್ಟಿಲು. ಆದ್ದರಿಂದ ಇಡೀ ದಾರಿಯನ್ನು ಒಂದೇ ಬೆಳಿಗ್ಗೆ ಮುಗಿಸಲು ಹೋಗಬೇಡಿ. ಎರಡು ತುಂಡು ಮಾಡಿ. ಮೊದಲ ದಿನ ದೇವಸ್ಥಾನದಿಂದ ದೋಶಿವಾಡಾವರೆಗೆ. ಎರಡನೇ ದಿನ ಮಸೀದಿ ಕಡೆಯದು. ಬೆಳಿಗ್ಗೆ ಹತ್ತೂವರೆ, ಹನ್ನೊಂದಕ್ಕೆ ನಿಲ್ಲಿಸಿ. ಹಳೆ ಊರಿನೊಳಗೇ ಘೀಕಾಂಟಾ ಅನ್ನುವ ಮೆಟ್ರೊ ನಿಲ್ದಾಣ ಇದೆ, ಕಾಲೂಪುರದಲ್ಲೂ ಇದೆ. ಸುಸ್ತಾದರೆ ಅಲ್ಲಿಂದ ಹೊರಬೀಳಬಹುದು.

ಸುಲಭವಾಗಿ ಕಳಚುವ ಚಪ್ಪಲಿ ಹಾಕಿಸಿ. ಗುಡಿ, ಬಸದಿ, ಮಸೀದಿ ಎಲ್ಲ ಕಡೆ ಬಿಚ್ಚಬೇಕು. ಶೂ ಲೇಸ್ ಕಟ್ಟಲು ಅಪ್ಪ ಐದು ಸಲ ಬಗ್ಗಿದರು. ನಡಿಗೆಗಿಂತ ಅದೇ ಹೆಚ್ಚು ನೋವು ಕೊಟ್ಟಿತು. ಮಸೀದಿಯ ಕಲ್ಲಿನ ಅಂಗಳ ಬಿಸಿಲೇರಿದ ಮೇಲೆ ಕಾಯುತ್ತದೆ, ಕಾಲುಚೀಲ ಇರಲಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು ಬಿಡಿ. ಡಿಸೆಂಬರ್ ಆರಿಸಿಕೊಂಡಿದ್ದೀರಿ, ಅದು ಸರಿಯಾದ ತಿಂಗಳು. ಏಪ್ರಿಲ್, ಮೇನಲ್ಲಿ ನಲವತ್ತು ಡಿಗ್ರಿ ದಾಟುತ್ತದೆ.

ಸಂಪಿಗೆಮರ:
ಎಲ್ಲರಿಗೂ ಧನ್ಯವಾದ. ಎಲ್ಲವನ್ನೂ ಒಂದು ನೋಟ್‌ಬುಕ್‌ಗೆ ಇಳಿಸಿಕೊಂಡಿದ್ದೇನೆ. ಬಂದ ಮೇಲೆ ಖಂಡಿತ ಬರೆಯುತ್ತೇನೆ.

ಸಂಪಿಗೆಮರ (ಡಿಸೆಂಬರ್ ಕೊನೆ):
ಮಾತು ಕೊಟ್ಟ ಹಾಗೆ ಬಂದಿದ್ದೇನೆ.

ಮೊದಲ ದಿನ ಏಳೂವರೆಗೆ ಸ್ವಾಮಿನಾರಾಯಣ ದೇವಸ್ಥಾನದ ಬಾಗಿಲಲ್ಲಿ ಇದ್ದೆವು. 1822ರ ದೇವಸ್ಥಾನ ಅದು. ಬರ್ಮಾ ತೇಗದ ಕಂಬಗಳಿಗೆ ಬಣ್ಣ ಹಚ್ಚಿದ್ದಾರೆ. ಅಮ್ಮ ಒಂದೊಂದು ಕಂಬದ ಬೋದಿಗೆಯನ್ನೂ ನೋಡುತ್ತಾ ಅರ್ಧ ಗಂಟೆ ಅಲ್ಲೇ ನಿಂತರು. ಗುಂಪಿನ ಜೊತೆ ಬಂದಿದ್ದರೆ ಆ ಅರ್ಧ ಗಂಟೆ ಸಿಗುತ್ತಿರಲಿಲ್ಲ.

ಲಾಂಬೇಶ್ವರ ನೀ ಪೋಳ್‌ನಲ್ಲಿ ದಲಪತರಾಮ್ ಅವರ ಕಂಚಿನ ಪ್ರತಿಮೆ ಇದೆ. ಪೀಠದ ಮೇಲೆ ನಿಲ್ಲಿಸಿಲ್ಲ. ತಮ್ಮ ಮನೆಯ ಮುಂದೆ ಆರಾಮಾಗಿ ಕೂತಿರುವ ಹಾಗೆ ಮಾಡಿದ್ದಾರೆ. 1820ರಲ್ಲಿ ಹುಟ್ಟಿದ ಕವಿ ಇನ್ನೂ ಜಗಲಿ ಮೇಲೆ ಕೂತು ಬರುವವರನ್ನು ಮಾತಾಡಿಸುವ ಹಾಗೆ. ಮಕ್ಕಳು ಪಕ್ಕದಲ್ಲೇ ಕ್ರಿಕೆಟ್ ಆಡುತ್ತಿದ್ದರು. ಅಮ್ಮ ಕವಿಯ ಹತ್ತಿರ ಕೂತು ನೀರು ಕುಡಿದರು. ಕವಿಗಳನ್ನು ಹೀಗೆ ಇಟ್ಟುಕೊಳ್ಳಬೇಕು ಅಂತ ನನಗೆ ತುಂಬಾ ಅನಿಸಿತು.

ಅದರ ಹತ್ತಿರವೇ ಹಕ್ಕಿಗಳಿಗೆ ಕಾಳು ಹಾಕುವ ಚಬೂತರೊ ನೋಡಿದೆವು. ಕಂಬದ ಮೇಲೊಂದು ಸಣ್ಣ ಮಂಟಪ. ಆಮೇಲೂ ಬೇರೆ ಬೇರೆ ಪೋಳ್‌ಗಳಲ್ಲಿ ಇನ್ನೂ ಮೂರು ಸಿಕ್ಕವು. ಇಷ್ಟು ಇಕ್ಕಟ್ಟಿನ ಕೇರಿಯಲ್ಲಿ, ಮನುಷ್ಯರಿಗೇ ಜಾಗ ಸಾಲದ ಕಡೆ, ಹಕ್ಕಿಗಳಿಗೆ ಅಂತ ನಡುಬೀದಿ ಬಿಟ್ಟುಕೊಟ್ಟಿದ್ದಾರೆ.

ಕಾಳಾ ರಾಮ್‌ಜಿ ಗುಡಿಯಲ್ಲಿ ರಾಮ ಕೂತಿದ್ದಾನೆ! ಕಪ್ಪು ಕಲ್ಲಿನ ಮೂರ್ತಿ. ಬಿಲ್ಲು ಹಿಡಿದು ನಿಂತ ರಾಮನನ್ನೇ ನೋಡಿ ಬೆಳೆದ ಅಮ್ಮ, "ವನವಾಸದಲ್ಲಿ ಸುಸ್ತಾಗಿ ಕೂತ ಹಾಗಿದೆ ಕಣೆ" ಅಂದರು.

ಅಲ್ಲಿಂದ ಮುಂದೆ ದಾರಿ ತಪ್ಪಿತು. ಚೀಟಿ ತೆಗೆದು ದೋಶಿವಾಡಾ ಅಂತ ಕೇಳಿದೆ. ಒಬ್ಬ ಹುಡುಗ ಒಂದು ಬಾಗಿಲು ತೋರಿಸಿದ. ಯಾರದೋ ಮನೆ ಅನಿಸಿ ನಾನು ಹಿಂಜರಿದೆ. ಅವನೇ ಮುಂದೆ ನಡೆದ. ಕತ್ತಲ ಓಣಿ, ಎರಡು ತಿರುವು, ಆಚೆ ಬೇರೆಯೇ ಪೋಳ್. ತೊಲೆಕಂಬ ಅವರೇ, ನಿಮ್ಮ ಗುಪ್ತ ದಾರಿ ಸಿಕ್ಕಿತು.

ಆ ಹೊಸ ಪೋಳ್‌ನಲ್ಲಿ ಅಮ್ಮನ ಮಂಡಿ ಮುಷ್ಕರ ಹೂಡಿತು. ಒಂದು ಓಟ್ಲೊ ಮೇಲೆ ಅವರದೇ ವಯಸ್ಸಿನ ಒಬ್ಬರು ಬಟಾಣಿ ಸುಲಿಯುತ್ತಿದ್ದರು. ಮುತ್ತುಗ ಅವರು ಹೇಳಿದ ಹಾಗೇ ಕೈ ತೋರಿಸಿ ಕೇಳಿದೆ. ಅವರು ಪಕ್ಕಕ್ಕೆ ಸರಿದರು. ಅಮ್ಮ ಕೂತವರು ಎರಡು ನಿಮಿಷಕ್ಕೆ ತಾವೂ ಬಟಾಣಿ ಸುಲಿಯತೊಡಗಿದರು. ಇವರು ಕನ್ನಡ, ಅವರು ಗುಜರಾತಿ. ನಾನು ನಡುವೆ ಹರುಕು ಮುರುಕು ಹಿಂದಿ. ಸ್ವಲ್ಪ ಹೊತ್ತಿನ ಮೇಲೆ ನಾನು ಬೇಡವೇ ಆದೆ. ಅವರೇ ಎದ್ದು ಒಳಗೆ ಕರೆದು ಅಂಗಳದ ಟಾಂಕಾ ಮುಚ್ಚಳ ತೆಗೆದು ತೋರಿಸಿದರು. ಕೆಳಗೆ ಕತ್ತಲು, ನೀರಿನ ತಂಪು ಮುಖಕ್ಕೆ ಬಡಿಯಿತು. ಈಗ ಕುಡಿಯಲು ನಲ್ಲಿ ನೀರೇ, ಪೂಜೆಗೆ ಮಾತ್ರ ಇದು ಅಂದರು. ನಾವು ಅಲ್ಲಿ ಮುಕ್ಕಾಲು ಗಂಟೆ ಇದ್ದೆವು. ಅವತ್ತು ಅಷ್ಟಾಪದ ನೋಡಲು ಆಗಲೇ ಇಲ್ಲ. ಬೇಸರವೂ ಇಲ್ಲ.

ಎರಡನೇ ದಿನ ಜಾಮಾ ಮಸೀದಿಯಿಂದ ಶುರು. 260 ಕಂಬಗಳು, 15 ಗುಮ್ಮಟಗಳು ಅಂತ ಓದಿದ್ದೆ. ಒಳಗೆ ನಿಂತರೆ ಎಣಿಸಲು ಮನಸ್ಸಾಗುವುದಿಲ್ಲ, ಕಲ್ಲಿನ ಕಾಡಿನಲ್ಲಿ ನಿಂತ ಹಾಗೆ. ಮಿನಾರ್‌ಗಳ ಬುಡ ಮಾತ್ರ ಉಳಿದಿದೆ, ಮೇಲಿನ ಭಾಗ 1819ರ ಭೂಕಂಪದಲ್ಲಿ ಹೋಯಿತು. ರಾಣಿ ನೋ ಹಜೀರೋ ಸುತ್ತ ಬಟ್ಟೆ ಅಂಗಡಿ, ಅಲಂಕಾರದ ಸಾಮಾನು. ರಾಣಿಯರ ಸುತ್ತ ಇಡೀ ದಿನ ಹೆಂಗಸರದೇ ಸಂತೆ. ಅಮ್ಮನಿಗೆ ಅದು ಬಹಳ ಹಿಡಿಸಿತು.

ಸಂಜೆ ಸಿದಿ ಸಯ್ಯದ್ ಮಸೀದಿಗೆ ಹೋದೆವು. ಭದ್ರ ಕೋಟೆಯಿಂದ ಸ್ವಲ್ಪ ದೂರ. 1573ರದ್ದು, ಚಿಕ್ಕದು. ಮರ, ಬಳ್ಳಿ ಕೆತ್ತಿದ ಆ ಪ್ರಸಿದ್ಧ ಕಲ್ಲಿನ ಜಾಲಿಗಳು ಹಿಂದಿನ ಪಶ್ಚಿಮ ಗೋಡೆಯಲ್ಲಿವೆ. ಇಳಿಬಿಸಿಲು ಅದರೊಳಗಿಂದ ಬರುತ್ತದೆ, ಹಾಗಾಗಿ ಸಂಜೆ ಹೋಗಿದ್ದೇ ಒಳ್ಳೆಯದಾಯಿತು. ನಡುವಿನ ಒಂದು ಕಿಟಕಿಗೆ ಜಾಲಿ ಇಲ್ಲ, ಬರೀ ಕಲ್ಲು ಮುಚ್ಚಿದ್ದಾರೆ. ನಾನು ಜಾಲಿಯಷ್ಟೇ ಹೊತ್ತು ಆ ಖಾಲಿ ಕಲ್ಲನ್ನೂ ನೋಡಿದೆ.

ಬೇಜಾರಾದದ್ದು ಎರಡು. ಒಬ್ಬ ವ್ಯಕ್ತಿ ತಾನಾಗೇ ಬಂದು ಹವೇಲಿ ತೋರಿಸುತ್ತೇನೆ ಅಂತ ಕರೆದುಕೊಂಡು ಹೋಗಿ ಆಮೇಲೆ ದೊಡ್ಡ ಮೊತ್ತ ಕೇಳಿದ. ಮೊದಲೇ ಬೇಡ ಅನ್ನಬೇಕಿತ್ತು. ಇನ್ನೊಂದು ಮನಸ್ಸಿನಲ್ಲಿ ಉಳಿದಿದೆ. ಒಂದು ಬೀಗ ಹಾಕಿದ ಮನೆ. ಮೇಲ್ಮಹಡಿಯನ್ನು ಹೊತ್ತ ಕೆತ್ತನೆಯ ಆಸರೆಗಳು ಸಾಲಾಗಿ ಇರಬೇಕಾದ ಕಡೆ ಗರಗಸದಿಂದ ಕೊಯ್ದ ಗುರುತು. ಹೊಸ ಮರದ ಬಣ್ಣ ಇನ್ನೂ ಮಾಸಿರಲಿಲ್ಲ.

ತೊಲೆಕಂಬ:
ಅದನ್ನು ನೋಡಿ ನನಗೂ ಹೊಟ್ಟೆ ಉರಿದಿದೆ. ಹಳೆ ಕೆತ್ತನೆಗೆ ದೊಡ್ಡ ಮಾರುಕಟ್ಟೆ ಇದೆ. ಕಂಬ, ಬಾಗಿಲು, ಆಸರೆ ಬಿಡಿಬಿಡಿಯಾಗಿ ಹೋಗುತ್ತವೆ, ಯಾರದೋ ಬಂಗಲೆಯ ಹಾಲ್ ಸೇರುತ್ತವೆ. ಆಸರೆ ತೆಗೆದರೆ ಭಾರ ಹೊರುವುದು ಯಾರು? ಹತ್ತು ಮಳೆಗಾಲದೊಳಗೆ ಮನೆಯೂ ಹೋಗುತ್ತದೆ.

ಮುತ್ತುಗ:
ಮಾರುವವರನ್ನು ಬೈಯುವುದು ಸುಲಭ. ಒಂದು ಮನೆಗೆ ಹನ್ನೆರಡು ಜನ ವಾರಸುದಾರರು. ಹತ್ತು ಜನ ನದಿಯ ಆಚೆ ಅಪಾರ್ಟ್‌ಮೆಂಟ್ ಸೇರಿದ್ದಾರೆ. ಕಾರು ಬರುವುದಿಲ್ಲ, ಮೆಟ್ಟಿಲು ಕಡಿದು. ಮರದ ಹುಳ ಹಿಡಿದರೆ ದುರಸ್ತಿಗೆ ದುಡ್ಡು ಯಾರು ಹಾಕುವುದು? ನಾವಿದ್ದ ಮನೆಯ ಮಾಲೀಕರ ಅಜ್ಜಿ ಒಬ್ಬರೇ ಕೊನೆಯವರೆಗೂ ಬಿಡಲಿಲ್ಲ. ಅವರು ಹೋದ ಮೇಲೆ ಬೀಗ ಬಿತ್ತು.

ತೊಲೆಕಂಬ:
ಒಪ್ಪುತ್ತೇನೆ. ಅದಕ್ಕೆ ಪಾಲಿಕೆ ಒಂದು ದಾರಿ ಮಾಡಿದೆ. ಪಟ್ಟಿಯಲ್ಲಿರುವ ಹಳೆ ಮನೆಯ ಮಾಲೀಕರು ತಮ್ಮ ಜಾಗದ ಮೇಲೆ ಇನ್ನೂ ಎಷ್ಟು ಮಹಡಿ ಕಟ್ಟಬಹುದಿತ್ತೋ ಆ ಹಕ್ಕನ್ನು ಬೇರೆ ಕಡೆ ಕಟ್ಟುವವರಿಗೆ ಮಾರಬಹುದು. ಆ ದುಡ್ಡಿನಿಂದ ಹಳೆ ಮನೆ ಸರಿಮಾಡಬೇಕು. ಕೆಲವರು ಮಾಡಿದ್ದಾರೆ ಕೂಡ. 2017ರ ಜುಲೈನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದಾಗ, ಭಾರತದಲ್ಲಿ ಇಡೀ ನಗರವಾಗಿ ಆ ಮನ್ನಣೆ ಸಿಕ್ಕ ಮೊದಲ ಊರು ಅದು. ಆದರೆ ಮನ್ನಣೆಯಿಂದ ಹುಳ ಸಾಯುವುದಿಲ್ಲ. ಮನೆಯಲ್ಲಿ ದಿನಾ ಒಲೆ ಉರಿಯಬೇಕು, ಕಸ ಗುಡಿಸಬೇಕು, ಸೋರಿದರೆ ಮಾರನೆಯ ದಿನವೇ ಹೆಂಚು ಹಾಕಬೇಕು. ಹಾಗೆ ಮಾಡುವವರು ಒಳಗೆ ಇದ್ದರೆ ಮಾತ್ರ ಮರದ ಮನೆ ನಿಲ್ಲುತ್ತದೆ.

ಕಡಲಕಾಗೆ:
ಕೆಲವು ಹವೇಲಿಗಳು ಹೋಮ್‌ಸ್ಟೇ ಆಗಿವೆ. ನಾನು ಎರಡನೇ ಸಲ ಒಂದರಲ್ಲಿ ಉಳಿದಿದ್ದೆ. ಮಾಲೀಕರ ಕುಟುಂಬವೇ ಕೆಳಗೆ ವಾಸ. ರಾತ್ರಿ ಹನ್ನೊಂದರ ಮೇಲೆ ಪೋಳ್ ಎಷ್ಟು ನಿಶ್ಶಬ್ದ ಅಂದರೆ ಎದುರು ಮನೆಯವರು ಪಾತ್ರೆ ಇಡುವ ಸದ್ದೂ ಕೇಳುತ್ತದೆ. ಒಂದು ರಾತ್ರಿ ಒಳಗೇ ಉಳಿದರೆ ಬೆಳಗಿನ ನಡಿಗೆಗೆ ಹೊರಗಿಂದ ಬರಬೇಕಾಗಿಲ್ಲ. ನಡಿಗೆ ಬಾಗಿಲಿಂದಲೇ ಶುರು.

ಮುತ್ತುಗ:
ಕುಟುಂಬ ಅಲ್ಲೇ ಇರುವ ಮನೆ ಆರಿಸಿಕೊಂಡದ್ದು ಒಳ್ಳೆಯದು. ಬಾಗಿಲಲ್ಲಿ ಮಾತಾಡಿಸುವವರು ಇರಬೇಕು ಅಲ್ವಾ.

ಮಿಂಚುಹುಳ:
ಸಂಪಿಗೆಮರ, ಮಾಣೆಕ್ ಚೌಕ್‌ಗೆ ರಾತ್ರಿ ಹೋದಿರಾ ಇಲ್ಲವಾ, ಅದನ್ನು ಹೇಳಲೇ ಇಲ್ಲ. ನಾನು ಜನವರಿಯಲ್ಲಿ ಹೋಗುತ್ತಿದ್ದೇನೆ. 14ಕ್ಕೆ ಉತ್ತರಾಯಣ, ಪೋಳ್‌ಗಳ ಚಾವಣಿ ತುಂಬಾ ಗಾಳಿಪಟ ಅಂತೆ. ಆಗ ನಡಿಗೆ ಸಾಧ್ಯವಾ?

ಮುತ್ತುಗ:
ಹಬ್ಬದ ಎರಡು ದಿನ ಬೀದಿ ಖಾಲಿ, ಊರೆಲ್ಲ ಮೇಲೆ. ನಡೆಯಲು ಅಡ್ಡಿಯಿಲ್ಲ, ಆದರೆ ಕುತ್ತಿಗೆಗೆ ಮಫ್ಲರ್ ಸುತ್ತಿಕೊಳ್ಳಿ. ಕಡಿದ ಪಟದ ದಾರ ಗಲ್ಲಿಗೆ ಅಡ್ಡ ಇಳಿಬಿದ್ದಿರುತ್ತದೆ, ಗಾಜಿನ ಪುಡಿ ಹಚ್ಚಿದ್ದು, ಕಣ್ಣಿಗೆ ಕಾಣುವುದಿಲ್ಲ. ಸ್ಕೂಟರ್ ಹತ್ತಲೇಬೇಡಿ. ಯಾರಾದರೂ ಮೇಲೆ ಕರೆದರೆ ಹೋಗಿ, ಕರೆಯುತ್ತಾರೆ. ಕತ್ತಲಾದ ಮೇಲೆ ಪಟದ ದಾರಕ್ಕೆ ದೀಪ ಕಟ್ಟಿ ಬಿಡುತ್ತಾರೆ. ಅದನ್ನು ಚಾವಣಿಯಿಂದಲೇ ನೋಡಬೇಕು.

ಸಂಪಿಗೆಮರ:
ಮಾಣೆಕ್ ಚೌಕ್‌ಗೆ ಬೆಳಿಗ್ಗೆ ಹೋದೆವು, ಹಗಲಲ್ಲೂ ಹೋದೆವು. ರಾತ್ರಿ ಅಮ್ಮ ಆಗಲೇ ಮಲಗಿದ್ದರು, ಎಬ್ಬಿಸಲಿಲ್ಲ. ಅವರು ಬಟಾಣಿ ಸುಲಿದ ಮನೆಯ ಅಜ್ಜಿಯ ಫೋನ್ ನಂಬರ್ ಇಸಕೊಂಡಿದ್ದಾರೆ. ನೆನ್ನೆ ವಿಡಿಯೊ ಕಾಲ್ ಮಾಡಿ ನಮ್ಮ ಹಿತ್ತಲಿನ ಬಾವಿ ತೋರಿಸುತ್ತಿದ್ದರು.